ತಲೆಗೆ ಪೆಟ್ಟಾದವರ ಉಸಿರಿನ ಆರೈಕೆ

ಕಳೆದ ಕಾರ್ತೀಕ ಮಾಸದ ಒಂದು ಬೆಳಿಗ್ಗೆ ನಾವು ಚಿಕಿತ್ಸಾಲಯದ ಬಾಗಿಲು ತೆರೆಯುವ ಮೊದಲೇ ಶ್ರೀಮಠದ ಹಳೆಯ ಭಕ್ತರೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಇಪ್ಪತ್ತನಾಲ್ಕು ವರ್ಷ ವಯಸ್ಸಿನ ಮಗ ನಾಲ್ಕು ದಿನಗಳ ಹಿಂದೆ, ರಾತ್ರಿ ಹೊಲದಿಂದ ಮೋಟಾರ್ ಸೈಕಲ್ಲಿನಲ್ಲಿ ಮರಳುವಾಗ, ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಡಿಕ್ಕಿ ಹೊಡೆದು ತಲೆಗೆ ಭಾರಿ ಪೆಟ್ಟು ಮಾಡಿಕೊಂಡಿದ್ದ. ಹೆಲ್ಮೆಟ್ ಮನೆಯ ಗೂಟದಲ್ಲಿಯೇ ತೂಗುತ್ತಿತ್ತು. ನಗರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಅವನನ್ನು ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದ್ದರು.

“ಡಾಕ್ಟ್ರೇ, ಗಂಟಲಾಗ ಪೈಪ್ ಹಾಕಿ ತಾಸಿಗೊಮ್ಮೆ ಎಳೀತಾರ್ರಿ. ಎಳದಾಗೊಮ್ಮೆ ಹುಡುಗ ಒದ್ದಾಡ್ತಾನ. ಟೀವಿಯೊಳಗಿನ ನಂಬರು ಏರತೈತಿ. ಅದನ್ನ ನಿಲ್ಲಸಾಕ ಹೇಳ್ರಿ, ಇಲ್ಲಾಂದ್ರ ನಾವು ಮನಿಗೆ ಕರ್ಕೊಂಡ ಬರ್ತೀವಿ. ನೀವು ಮೂಗಿನಾಗ ಏನರ ಔಷಧ ಹಾಕ್ರಿ” ಎಂದು ಅವರು ಕೈ ಹಿಡಿದುಕೊಂಡರು.

ಅಂದು ಚಿಕಿತ್ಸಾಲಯವನ್ನು ಮುಚ್ಚಿ ಅವರೊಡನೆ ನಾವು ನಗರಕ್ಕೆ ಹೋದೆವು. ಅಲ್ಲಿಯ ವೈದ್ಯರು ಒಳಗೆ ಬರಲು ಅನುಮತಿಯಿತ್ತರು. ಹುಡುಗನ ತಾಯಿ ಗಾಜಿನ ಆಚೆ ನಿಂತು ಪರದೆಯ ಮೇಲಿನ ಒಂದೇ ಒಂದು ಅಂಕಿಯನ್ನು ದಿಟ್ಟಿಸುತ್ತಿದ್ದರು. ಆಕೆಗೆ ಅಕ್ಷರ ಅಷ್ಟಾಗಿ ಬಾರದು, ಅಂಕಿ ಬರುತ್ತದೆ. ನಾವು ನಿಂತಿದ್ದಾಗಲೇ ಶುಶ್ರೂಷಕಿ ಬಂದು ಗಂಟಲ ಕೊಳವೆಯೊಳಗೆ ಸಣ್ಣ ನಳಿಕೆಯನ್ನಿಳಿಸಿ ಕಫ ಹೀರಿದಳು. ಹುಡುಗ ಕೆಮ್ಮಿದ, ಮುಖ ಕೆಂಪೇರಿತು, ಕಾಲು ಸೆಟೆದವು. 13 ಇದ್ದ ಅಂಕಿ ಕ್ಷಣದಲ್ಲಿ 29ಕ್ಕೆ ಏರಿತು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎರಡು ನಿಮಿಷ ಕಳೆಯುವುದರೊಳಗೆ ಅಂಕಿ 14ಕ್ಕೆ ಇಳಿಯಿತು. ಆದರೆ ಅಷ್ಟು ಹೊತ್ತಿಗೆ ಆಕೆ ಅಲ್ಲಿಂದ ಹೊರಟುಹೋಗಿದ್ದರು.

ಆ ತಾಯಿ ಕಂಡದ್ದು ಸುಳ್ಳಲ್ಲ. ಕಫ ಹೀರುವಾಗ ಮಿದುಳಿನ ಒತ್ತಡ ಏರುವುದು ನಿಜ. ಕಫ ಹೀರದೆ ಬಿಟ್ಟರೆ ಅದಕ್ಕಿಂತ ಹೆಚ್ಚು ಏರುತ್ತದೆ, ಮತ್ತು ಇಳಿಯುವುದಿಲ್ಲ ಎಂಬುದೂ ನಿಜ. ಈ ಎರಡನೆಯ ಮಾತು ಗಾಜಿನ ಆಚೆ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಇಂಥ ಸಂದರ್ಭದಲ್ಲಿ ರೋಗಿಯನ್ನು ಯಂತ್ರದಿಂದ ಬಿಡಿಸಿ ಮನೆಗೆ ಕರೆತಂದ ಕುಟುಂಬಗಳನ್ನು ನಾವು ನಮ್ಮ ವೃತ್ತಿಜೀವನದಲ್ಲಿ ಕಂಡಿದ್ದೇವೆ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಕಷಾಯ, ಪಥ್ಯಗಳ ವಿಷಯವನ್ನು ಬದಿಗಿರಿಸಿ, ಉಸಿರಿಗೂ ಮಿದುಳಿಗೂ ಇರುವ ಈ ನಂಟನ್ನು ಭಕ್ತ ಬಂಧುಗಳ ಮುಂದೆ ಇಡಬೇಕೆನಿಸಿತು.

ತಲೆಬುರುಡೆ ಎಂಬುದು ಎಲ್ಲ ಕಡೆಯಿಂದಲೂ ಮುಚ್ಚಿದ, ಹಿಗ್ಗದ ಕರಟ. ಅದರೊಳಗೆ ಮೂರೇ ವಸ್ತುಗಳಿವೆ: ಮಿದುಳು, ರಕ್ತ, ಮತ್ತು ಮಿದುಳನ್ನು ಸುತ್ತುವರಿದ ತಿಳಿಯಾದ ಮೇರುದ್ರವ. ನೂರು ಪಾಲಿನಲ್ಲಿ ಸುಮಾರು ಎಂಬತ್ತು ಪಾಲು ಮಿದುಳು, ಉಳಿದ ಹತ್ತು ಹತ್ತು ಪಾಲು ರಕ್ತ ಮತ್ತು ದ್ರವ. ಮೂರರಲ್ಲಿ ಒಂದು ಹೆಚ್ಚಾದರೆ ಇನ್ನೊಂದು ಸ್ಥಳ ಬಿಡಲೇಬೇಕು; ಬಿಡಲು ಸ್ಥಳ ಮುಗಿದ ಕೂಡಲೇ ಒತ್ತಡ ಒಮ್ಮೆಲೇ ಏರತೊಡಗುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಅಲೆಕ್ಸಾಂಡರ್ ಮನ್ರೊ 1783ರಲ್ಲಿ ಈ ತತ್ತ್ವದ ಮೂಲವನ್ನು ಹೇಳಿದನು. ಅವನ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲಿ ಅದನ್ನು ಸಮರ್ಥಿಸಿ ಬರೆದನು. ಇಂದಿಗೂ ವೈದ್ಯರು ಅದನ್ನು ಈ ಇಬ್ಬರ ಹೆಸರಿನಿಂದಲೇ ಕರೆಯುತ್ತಾರೆ.

ಆರೋಗ್ಯವಂತ ವಯಸ್ಕರಲ್ಲಿ, ಮಲಗಿರುವಾಗ, ಈ ಒತ್ತಡ ಸುಮಾರು 7ರಿಂದ 15 ಮಿಲಿಮೀಟರ್ ಪಾದರಸದಷ್ಟು. 22ನ್ನು ದಾಟಿ ಅಲ್ಲಿಯೇ ನಿಂತರೆ ಚಿಕಿತ್ಸೆ ಅಗತ್ಯ ಎಂಬುದು ಈಗ ವ್ಯಾಪಕವಾಗಿ ಅನುಸರಿಸುವ ಅಮೆರಿಕದ ಮಾರ್ಗಸೂಚಿಯ ಮಾತು. ನಾವೂ ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ನಮ್ಮ ತಲೆಯೊಳಗಿನ ಒತ್ತಡವೂ ಕ್ಷಣಕಾಲ ಏರಿ ಇಳಿಯುತ್ತದೆ. ನಮಗೆ ಅದರ ಅರಿವೇ ಆಗುವುದಿಲ್ಲ, ಏಕೆಂದರೆ ಪಕ್ಕಕ್ಕೆ ಸರಿದು ಸ್ಥಳ ಕೊಡಲು ದ್ರವವೂ ರಕ್ತವೂ ಸಿದ್ಧವಾಗಿರುತ್ತವೆ. ಪೆಟ್ಟಿನಿಂದ ಬಾತ ಮಿದುಳಿಗೆ ಆ ಅವಕಾಶವಿಲ್ಲ. ಜಾತ್ರೆಯ ದಿನದ ಬಸ್ಸಿನಲ್ಲಿ ಕೊನೆಯವನು ಹತ್ತಿದಾಗ ಎಲ್ಲರಿಗೂ ಆಗುವ ಇಕ್ಕಟ್ಟನ್ನು ನೆನೆಯಿರಿ. ಮೊದಲ ಇಪ್ಪತ್ತು ಜನ ಹತ್ತಿದ್ದು ಯಾರಿಗೂ ತಿಳಿದಿರುವುದಿಲ್ಲ.

ಒತ್ತಡ ಏರಿದರೆ ಆಗುವ ಕೇಡೇನು? ಹೃದಯ ರಕ್ತವನ್ನು ಮೇಲಕ್ಕೆ ನೂಕುತ್ತದೆ, ತಲೆಯೊಳಗಿನ ಒತ್ತಡ ಅದಕ್ಕೆ ಎದುರಾಗಿ ನಿಲ್ಲುತ್ತದೆ. ಸರಾಸರಿ ರಕ್ತದೊತ್ತಡದಲ್ಲಿ ತಲೆಯೊತ್ತಡವನ್ನು ಕಳೆದರೆ ಉಳಿಯುವುದೇ ಮಿದುಳಿಗೆ ರಕ್ತವನ್ನು ಹರಿಸುವ ಬಲ. ಅದು 60ರಿಂದ 70ರ ನಡುವೆ ಇರಬೇಕು. ಹುಡುಗನ ಸರಾಸರಿ ರಕ್ತದೊತ್ತಡ 85 ಇತ್ತು. ತಲೆಯೊತ್ತಡ 13 ಇದ್ದಾಗ ಬಲ 72. 29ಕ್ಕೆ ಏರಿದಾಗ 56. ಎರಡು ನಿಮಿಷದ 56 ಬೇರೆ, ಎರಡು ತಾಸಿನ 56 ಬೇರೆ. ನಾವು ಆ ತಂದೆಗೆ ಮೊದಲು ಹೇಳಿದ್ದು ಇದನ್ನೇ.

ಇನ್ನು ಉಸಿರಿನ ವಿಷಯ. ನಮ್ಮ ಶಾಸ್ತ್ರದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ವಾಗ್ಭಟಾಚಾರ್ಯರು ಶಿರಸ್ಸಿನಲ್ಲಿ ಹೇಳಿ, ಅದು ಎದೆಯಲ್ಲಿಯೂ ಕಂಠದಲ್ಲಿಯೂ ಸಂಚರಿಸುತ್ತದೆ ಎಂದಿದ್ದಾರೆ. ವಿದ್ಯಾರ್ಥಿ ದೆಸೆಯಲ್ಲಿ ನಾವಿದನ್ನು ಬಾಯಿಪಾಠ ಮಾಡಿದೆವೇ ಹೊರತು, ಉಸಿರಾಡುವುದು ಎದೆಯಿಂದ, ಪ್ರಾಣ ಶಿರಸ್ಸಿನಲ್ಲಿ ಏಕೆ ಎಂದು ಕೇಳಿಕೊಳ್ಳಲಿಲ್ಲ. ತೀವ್ರ ನಿಗಾ ಘಟಕದಲ್ಲಿ ನಿಂತರೆ ಎದೆ ಮತ್ತು ತಲೆಗಳ ನಂಟು ಅಂಕಿಗಳಲ್ಲಿ ಕಾಣಿಸುತ್ತದೆ.

ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಕೇವಲ ಕಲ್ಮಷವೆಂದು ಬಗೆಯುವವರುಂಟು. ಮಿದುಳಿನ ರಕ್ತನಾಳಗಳಿಗೆ ಅದೇ ಆಜ್ಞಾಪಕ. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಇರುತ್ತದೆ. ಅದು ಒಂದು ಮಿಲಿಮೀಟರ್ ಏರಿದರೆ ಮಿದುಳಿಗೆ ಹರಿಯುವ ರಕ್ತ ಸುಮಾರು ಶೇ. 3ರಷ್ಟು ಹೆಚ್ಚುತ್ತದೆ, ಇಳಿದರೆ ಅಷ್ಟೇ ತಗ್ಗುತ್ತದೆ. ಕಫ ಕಟ್ಟಿಕೊಂಡು ಉಸಿರು ಪೂರ್ತಿಯಾಗಿ ಹೊರಹೋಗದಿದ್ದರೆ ಡೈಆಕ್ಸೈಡ್ ಏರುತ್ತದೆ, ನಾಳಗಳು ಹಿಗ್ಗುತ್ತವೆ, ರಕ್ತ ನುಗ್ಗುತ್ತದೆ, ಮುಚ್ಚಿದ ಕರಟದಲ್ಲಿ ಒತ್ತಡ ಏರುತ್ತದೆ. ಆಮ್ಲಜನಕ ತೀರ ಕಡಿಮೆಯಾದರೂ ನಾಳಗಳು ಹಿಗ್ಗುತ್ತವೆ. ಇದು ಕೆಮ್ಮಿನಂತೆ ಕ್ಷಣದಲ್ಲಿ ಬಂದು ಹೋಗುವ ಏರಿಕೆಯಲ್ಲ. ಕಫ ಹೋಗುವ ತನಕ ಇರುವ ಏರಿಕೆ. ಸದ್ದಿಲ್ಲದೆ ಬರುತ್ತದೆ. ಆ ಹೊತ್ತಿನಲ್ಲಿ ರೋಗಿ ಒದ್ದಾಡದೆ ಶಾಂತವಾಗಿ ಮಲಗಿರಲೂಬಹುದು, ಮತ್ತು ಮನೆಯವರು “ಈಗ ಆರಾಮ ನಿದ್ದಿ ಮಾಡ್ಯಾನ” ಎಂದು ಸಮಾಧಾನಪಟ್ಟುಕೊಳ್ಳಬಹುದು.

ಹಾಗಾದರೆ ಯಂತ್ರದಿಂದ ವೇಗವಾಗಿ ಉಸಿರಾಡಿಸಿ ಡೈಆಕ್ಸೈಡನ್ನು ಸಾಧ್ಯವಾದಷ್ಟು ಇಳಿಸಿಬಿಡಬಾರದೇಕೆ? ಈ ಪ್ರಶ್ನೆಯನ್ನು ಓದುಗರು ಕೇಳದಿದ್ದರೂ ಒಂದು ತಲೆಮಾರಿನ ವೈದ್ಯರು ಕೇಳಿಕೊಂಡರು, ಹಾಗೆಯೇ ಮಾಡಿದರು ಕೂಡ. ಒತ್ತಡದ ಅಂಕಿ ಸುಂದರವಾಗಿ ಇಳಿಯುತ್ತಿತ್ತು. ಆದರೆ ನಾಳಗಳು ಸಂಕುಚಿತವಾಗಿ ರಕ್ತವೇ ಕಡಿಮೆಯಾದರೆ ಪೆಟ್ಟು ತಿಂದ ಮಿದುಳು ಹಸಿಯುತ್ತದೆ. 1991ರಲ್ಲಿ ಮುಯ್‌ಜೆಲಾರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ದಿನಗಟ್ಟಲೆ ವೇಗವಾಗಿ ಉಸಿರಾಡಿಸಿದವರ ಸ್ಥಿತಿ ಮೂರು ಮತ್ತು ಆರು ತಿಂಗಳಲ್ಲಿ ಇತರರಿಗಿಂತ ಕೆಟ್ಟದ್ದಾಗಿ ಕಂಡಿತು. ಇಂದು ಆ ಕ್ರಮವನ್ನು ಮುಂಜಾಗ್ರತೆಗಾಗಿ ಮಾಡುವುದಿಲ್ಲ. ಮಿದುಳು ಜಾರಿ ಜೀವ ಹೋಗುವ ಸಂಕಟದಲ್ಲಿ, ಇತರ ಉಪಾಯ ಸಿದ್ಧವಾಗುವ ತನಕ, ಅಲ್ಪಕಾಲ ಮಾತ್ರ ಮಾಡುತ್ತಾರೆ. ಅಂಕಿಯನ್ನು ಇಳಿಸುವುದೇ ಗುರಿಯಲ್ಲ ಎಂಬ ಪಾಠವನ್ನು ವೈದ್ಯಲೋಕ ಕಷ್ಟಪಟ್ಟು ಕಲಿಯಿತು. ಪರದೆಯನ್ನು ದಿಟ್ಟಿಸುವ ಬಂಧುಗಳಿಗೂ ಇದು ತಿಳಿದಿರಲಿ.

ಈಗ ಕಫ ಹೀರುವ ಕ್ರಮಕ್ಕೆ ಬರೋಣ. ಇದನ್ನು ನಾವು ಅಂದು ಬಳಿಯಲ್ಲಿ ನಿಂತು ನೋಡಿದೆವು, ಆ ಶುಶ್ರೂಷಕಿಯಿಂದ ಕೇಳಿ ತಿಳಿದುಕೊಂಡೆವು. ನಮ್ಮ ಮಗಳ ವಯಸ್ಸಿನವಳು, ಸಹನೆಯಿಂದ ಹೇಳಿದಳು. ತಾಸಿಗೊಮ್ಮೆ ಎಂದು ತಂದೆ ಹೇಳಿದ್ದು ಅವರ ಸಂಕಟದ ಲೆಕ್ಕ. ನಿಜವಾಗಿ ಗಡಿಯಾರ ನೋಡಿ ಮಾಡುವ ಕೆಲಸ ಇದಲ್ಲ. ಎದೆಯಲ್ಲಿ ಗೊರಗೊರ ಸದ್ದು, ಕೊಳವೆಯಲ್ಲಿ ಕಫ ಕಾಣುವುದು, ಯಂತ್ರ ಗಾಳಿ ನೂಕಲು ಹೆಚ್ಚು ಒತ್ತಬೇಕಾಗುವುದು, ಆಮ್ಲಜನಕ ಇಳಿಯುವುದು, ಇವು ಕಂಡಾಗ ಮಾತ್ರ. ಅಗತ್ಯವಿಲ್ಲದೆ ಒಮ್ಮೆಯೂ ಮಾಡಬಾರದು, ಅಗತ್ಯವಿದ್ದಾಗ ಒಮ್ಮೆಯೂ ತಪ್ಪಿಸಬಾರದು.

ನಳಿಕೆ ಇಳಿಸುವ ಮೊದಲು ಕೆಲಕ್ಷಣ ಶುದ್ಧ ಆಮ್ಲಜನಕವನ್ನು ಕೊಡುತ್ತಾರೆ, ಹೀರುವಾಗ ಗಾಳಿಯೂ ಹೊರಬರುವುದರಿಂದ ಕೂಡಿಟ್ಟ ಬುತ್ತಿಯಂತೆ ಅದು ಕೆಲಸಕ್ಕೆ ಬರಲೆಂದು. ನಳಿಕೆ ಗಂಟಲ ಕೊಳವೆಯ ಒಳ ವ್ಯಾಸದ ಅರ್ಧಕ್ಕಿಂತ ದಪ್ಪವಿರಬಾರದು. ದಪ್ಪವಾದರೆ ಪಕ್ಕದಿಂದ ಗಾಳಿ ಬರಲು ಎಡೆಯಿಲ್ಲದೆ ಶ್ವಾಸಕೋಶವೇ ಕುಗ್ಗುತ್ತದೆ. ಒಳಹೋಗುವಾಗ ಹೀರುವುದಿಲ್ಲ, ಹೊರತೆಗೆಯುವಾಗ ಮಾತ್ರ. ಒಂದು ಸಲಕ್ಕೆ ಹತ್ತು, ಹೆಚ್ಚೆಂದರೆ ಹದಿನೈದು ಸೆಕೆಂಡು. ನಾವು ಮನಸ್ಸಿನಲ್ಲಿಯೇ ಎಣಿಸಿದೆವು, ಆಕೆ ಒಂಬತ್ತಕ್ಕೆ ಮುಗಿಸಿದಳು. ಮತ್ತೊಮ್ಮೆ ಬೇಕೆನಿಸಿದರೆ ಅಂಕಿ ತಳಕ್ಕೆ ಬರುವ ತನಕ ಕಾಯುತ್ತಾರೆ, ಏಕೆಂದರೆ ಇಳಿಯದ ಒತ್ತಡದ ಮೇಲೆ ಇನ್ನೊಂದು ಕೆಮ್ಮು ಬಿದ್ದರೆ ಮೆಟ್ಟಿಲಿನ ಮೇಲೆ ಮೆಟ್ಟಿಲಾಗುತ್ತದೆ. ಒತ್ತಡ ತೀರ ಸೂಕ್ಷ್ಮವಾಗಿರುವವರಿಗೆ ಮೊದಲೇ ಮಂಪರಿನ ಔಷಧ ಕೊಟ್ಟು ಕೆಮ್ಮನ್ನು ತಗ್ಗಿಸುತ್ತಾರೆ. ಯಂತ್ರದಿಂದ ಬಿಡಿಸದೆಯೇ ಹೀರಬಲ್ಲ, ತೊಗಲುಚೀಲದಂಥ ಮುಸುಕಿನೊಳಗಿನ ನಳಿಕೆಗಳೂ ಬಂದಿವೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಅಂಕಿ ಏರಿತಲ್ಲ ಎಂದು ತಂದೆ ಕೇಳಿದರು. ಏರಿತು. ಕೆಮ್ಮುವಾಗ ಎದೆಯೊಳಗಿನ ಒತ್ತಡ ಏರಿ, ತಲೆಯಿಂದ ಇಳಿಯಬೇಕಾದ ಕೆಟ್ಟ ರಕ್ತ ಕತ್ತಿನ ಸಿರೆಗಳಲ್ಲಿ ತಡೆಯುತ್ತದೆ. ಅವನಲ್ಲಿ ಕೆಮ್ಮು ಇನ್ನೂ ಇದೆಯೆಂಬುದು ಮಿದುಳಿನ ಕಾಂಡ ಜೀವಂತವಾಗಿರುವ ಕುರುಹು ಕೂಡ ಹೌದು. ಆಳವಾಗಿ ಕೆಟ್ಟ ಮಿದುಳು ಕೆಮ್ಮುವುದಿಲ್ಲ. ಇದನ್ನು ಹೇಳಿದಾಗ ತಂದೆಯ ಮುಖ ಸ್ವಲ್ಪ ಸಡಿಲಿತು.

ಎದೆಯನ್ನು ತಟ್ಟಿ, ಕಂಪಿಸಿ ಕಫ ಸಡಿಲಿಸುವ ಭೌತ ಚಿಕಿತ್ಸೆಯ ವಿಷಯದಲ್ಲಿಯೂ ಇದೇ ನ್ಯಾಯ. ಮೃದುವಾಗಿ, ಅಂಕಿಯನ್ನು ನೋಡುತ್ತ, ಸ್ವಲ್ಪ ಸ್ವಲ್ಪ ಹೊತ್ತು. ಸಾಮಾನ್ಯ ರೋಗಿಗೆ ಮಾಡುವಂತೆ ತಲೆಯನ್ನು ಕೆಳಗೆ ಮಾಡಿ ಕಾಲನ್ನು ಮೇಲೆತ್ತುವ ಕ್ರಮ ಇವರಿಗೆ ಸಲ್ಲದು. ಯಂತ್ರವು ಉಸಿರಿನ ಕೊನೆಯಲ್ಲಿಯೂ ಶ್ವಾಸಕೋಶದಲ್ಲಿ ಸ್ವಲ್ಪ ಗಾಳಿಯೊತ್ತಡವನ್ನು ಉಳಿಸುತ್ತದೆ, ಗಾಳಿಗೂಡುಗಳು ಮುಚ್ಚಿಕೊಳ್ಳದಿರಲೆಂದು. ಇದು ಅತಿಯಾದರೆ ತಲೆಯ ರಕ್ತ ಇಳಿಯಲು ಅಡ್ಡಿ, ರಕ್ತದೊತ್ತಡವೂ ಕುಸಿಯಬಹುದು. ಹದದಲ್ಲಿದ್ದರೆ ಆಮ್ಲಜನಕ ಸುಧಾರಿಸಿ ಮಿದುಳಿಗೆ ಹಿತವೇ. ಆ ಹದ ನೋಡುವುದು ತಜ್ಞರ ಕೆಲಸ.

ಬಂಧುಗಳ ಕೈಯಲ್ಲಿರುವುದು ಹಾಸಿಗೆಯ ವಿಷಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ತಲೆಯ ಭಾಗವನ್ನು ಸುಮಾರು 30 ಡಿಗ್ರಿ ಎತ್ತರಿಸಿ ಮಲಗಿಸುತ್ತಾರೆ. ಕತ್ತಿನ ಸಿರೆಗಳಲ್ಲಿ ರಕ್ತ ತನ್ನ ಭಾರದಿಂದಲೇ ಇಳಿಯುತ್ತದೆ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಉಕ್ಕಿ ಶ್ವಾಸಕೋಶಕ್ಕೆ ಜಾರುವುದೂ ಕಡಿಮೆ. ಎತ್ತಬೇಕಾದದ್ದು ಮಂಚದ ಭಾಗವನ್ನು, ತಲೆಯನ್ನಲ್ಲ. ಮನೆಯವರು ಒಳಗೆ ಬಂದ ಐದು ನಿಮಿಷದಲ್ಲಿ ಮಮತೆಯಿಂದ ಮಾಡುವ ಮೊದಲ ಕೆಲಸ ಮನೆಯಿಂದ ತಂದ ದಿಂಬನ್ನು ತಲೆಯ ಕೆಳಗೆ ತೂರಿಸುವುದು! ದಿಂಬಿನಿಂದ ಗದ್ದ ಎದೆಗೆ ತಾಗಿ ಕತ್ತು ಮಡಚಿದರೆ ಸಿರೆ ಒತ್ತಿಹೋಗುತ್ತದೆ. “ನನ್ನ ಕಡೆ ನೋಡು ಮಗಾ” ಎಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದರೂ ಅಷ್ಟೇ. ಮೂಗು ಹೊಕ್ಕುಳಿಗೆ ನೇರವಾಗಿರಬೇಕು ಎಂದು ನೆನಪಿಟ್ಟರೆ ಸಾಕು. ಗಂಟಲ ಕೊಳವೆಯನ್ನು ಹಿಡಿದ ಪಟ್ಟಿ, ಕತ್ತಿನ ಪಟ್ಟಿ ಬಿಗಿಯಾಗಿದ್ದರೂ ಒತ್ತಡ ಏರುತ್ತದೆ. ಮುಖ ಬಾತಂತೆ, ಪಟ್ಟಿಯ ಗುರುತು ಚರ್ಮದಲ್ಲಿ ಮೂಡಿದಂತೆ ಕಂಡರೆ ನೀವೇ ಸಡಿಲಿಸದೆ ಶುಶ್ರೂಷಕಿಗೆ ತಿಳಿಸಿರಿ. ಕತ್ತಿನಲ್ಲಿ ತಾಯಿತ, ದಾರಗಳಿದ್ದರೆ ತೆಗೆದಿಡಿರಿ. ಶಿವದಾರ, ಕರಡಿಗೆಯನ್ನು ಕತ್ತಿನಿಂದ ಬಿಡಿಸಿ ಎದೆಯ ಪಕ್ಕದಲ್ಲಿಯೋ ಮನೆಯವರ ಬಳಿಯಲ್ಲಿಯೋ ಇರಿಸಬಹುದು, ಅದರಿಂದ ದೋಷವೆಣಿಸಬೇಕಿಲ್ಲ.

ಇನ್ನೊಂದು ಮಾತು ಸಂಕೋಚದಿಂದಲೇ ಹೇಳುತ್ತೇವೆ. ಹಣೆಗೆ ವಿಭೂತಿ ಹಚ್ಚಲು ಯಾವ ವೈದ್ಯರೂ ಬೇಡವೆನ್ನಲಾರರು, ಗಾಯವಿಲ್ಲದ ಕಡೆ ಒದ್ದೆ ಬೆರಳಿನಿಂದ ಹಚ್ಚಿರಿ. ಒಣ ಭಸ್ಮದ ಪುಡಿ ಕೊಳವೆಯ ಬಾಯಿಗೆ ಉದುರಬಾರದು. ಆದರೆ ಪ್ರಜ್ಞೆಯಿಲ್ಲದವರ ಬಾಯಿಗೆ ನೀರಾಗಲಿ, ತೀರ್ಥವಾಗಲಿ, ಜೇನಾಗಲಿ ಒಂದು ಹನಿಯೂ ಬೇಡ. ನುಂಗುವ ಶಕ್ತಿ ಇಲ್ಲದವರಿಗೆ ಆ ಹನಿ ಹೋಗುವುದು ಶ್ವಾಸಕೋಶಕ್ಕೆ.

ಮೂಗಿನಲ್ಲಿ ಔಷಧ ಹಾಕಿರೆಂದು ಆ ತಂದೆ ಕೇಳಿದ್ದನ್ನು ಮೇಲೆ ಹೇಳಿದೆವು. ಅದು ಅವರ ಅಜ್ಞಾನವಲ್ಲ. ಮೂಗು ಶಿರಸ್ಸಿಗೆ ದ್ವಾರವೆಂಬುದು ನಮ್ಮ ಶಾಸ್ತ್ರದ ಪ್ರಸಿದ್ಧ ಮಾತು, ನಸ್ಯಕರ್ಮದ ಅಡಿಗಲ್ಲು. ಚರಕ ಸಂಹಿತೆಯಲ್ಲಿ ಸಂನ್ಯಾಸವೆಂಬ ಗಾಢ ಮೂರ್ಛೆಗೆ ತೀಕ್ಷ್ಣ ಚೂರ್ಣವನ್ನು ಮೂಗಿಗೆ ಊದುವ ಪ್ರಧಮನವನ್ನು ಹೇಳಿದೆ. ನಾವು ಬಿ.ಎ.ಎಂ.ಎಸ್. ಪದವಿ ಪಡೆದ ಎರಡನೆಯ ವರ್ಷ, ಹಳ್ಳಿಯೊಂದರಲ್ಲಿ ವೃತ್ತಿ ಆರಂಭಿಸಿದ್ದಾಗ, ಮೇವಿನ ಬಣವೆಯ ಮೇಲಿಂದ ಬಿದ್ದು ಪ್ರಜ್ಞೆ ತಪ್ಪಿದ ನಡುವಯಸ್ಸಿನವರೊಬ್ಬರನ್ನು ಚಕ್ಕಡಿಯಲ್ಲಿ ನಮ್ಮಲ್ಲಿಗೆ ತಂದರು. ಗ್ರಂಥ ನೆನಪಾಯಿತು. ಶುಂಠಿ, ಮೆಣಸು, ಹಿಪ್ಪಲಿಗಳ ಚೂರ್ಣವನ್ನು ನಳಿಕೆಯಿಂದ ಊದಿದೆವು. ಅವರು ಒಂದೇ ಸಮನೆ ಸೀನಿದರು, ವಾಂತಿಯಾಯಿತು, ಉಸಿರು ಗೊರಗುಟ್ಟತೊಡಗಿತು. ಸುತ್ತ ನಿಂತವರು ಎಚ್ಚರ ಬಂತೆಂದು ಹರ್ಷಪಟ್ಟರು. ತಾಲ್ಲೂಕು ಆಸ್ಪತ್ರೆಯ ಹಾದಿಯಲ್ಲಿ ಅವರು ತೀರಿಕೊಂಡರು.

ಊದದಿದ್ದರೆ ಬದುಕುತ್ತಿದ್ದರೆ ಎಂಬುದನ್ನು ಹೇಳಲು ಬಾರದು. ಆದರೆ ಬಾತ ಮಿದುಳಿರುವ ತಲೆಯಲ್ಲಿ ಸೀನು ಬರಿಸಿದೆವು, ತೆರೆದ ಶ್ವಾಸನಾಳಕ್ಕೆ ವಾಂತಿ ಇಳಿಸಿದೆವು ಎಂಬುದು ಈಗ ನಮಗೆ ಸ್ಪಷ್ಟವಾಗಿದೆ. ಆ ಉಪಚಾರ ಒಳಗಿನ ದೋಷದಿಂದ ಬಂದ ಮೂರ್ಛೆಗೆ ಹೇಳಿದ್ದು, ಪೆಟ್ಟು ತಿಂದ ಶಿರಸ್ಸಿಗಲ್ಲ. ನಮ್ಮ ಓದು ಅರ್ಧವಾಗಿತ್ತು. ಅದೇ ಚರಕ ಸಂಹಿತೆ ಹೃದಯ, ಬಸ್ತಿಗಳೊಡನೆ ಶಿರಸ್ಸನ್ನು ಮೂರು ಮಹಾ ಮರ್ಮಗಳಲ್ಲಿ ಎಣಿಸಿ, ಪೆಟ್ಟಿನಿಂದ ಕಾಪಾಡಬೇಕೆನ್ನುತ್ತದೆ. ಸುಶ್ರುತರು ಹೇಳಿದ 107 ಮರ್ಮಗಳಲ್ಲಿ 37 ಕತ್ತಿನಿಂದ ಮೇಲೆಯೇ ಇವೆ. ಆ ಮನೆಯವರು ನಮ್ಮನ್ನು ದೂರಲಿಲ್ಲ. ಕೈಮುಗಿದು, ಎರಡು ರೂಪಾಯಿ ಮೇಜಿನ ಮೇಲಿಟ್ಟು ಹೋಗಿದ್ದರು. ಆ ಹಣ ಬಹಳ ದಿನ ಅಲ್ಲಿಯೇ ಇತ್ತು.

ಆದುದರಿಂದ ಆಯುರ್ವೇದದ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇವೆ: ತಲೆಗೆ ಪೆಟ್ಟಾದವರಿಗೆ ನಸ್ಯ, ಧೂಮ, ಈರುಳ್ಳಿ ಮೂಸಿಸುವುದು, ನಶ್ಯಪುಡಿ ಯಾವುದೂ ಕೂಡದು. ತಲೆಬುರುಡೆಯ ತಳ ಬಿರಿದಿದ್ದರೆ ಮೂಗಿನಿಂದ ನೀರಿನಂಥ ದ್ರವ ಒಸರುತ್ತದೆ. ಅಂಥವರಿಗೆ ಆಸ್ಪತ್ರೆಯಲ್ಲಿ ಆಹಾರದ ಕೊಳವೆಯನ್ನೂ ಮೂಗಿನಿಂದ ಹಾಕದೆ ಬಾಯಿಯಿಂದ ಹಾಕುತ್ತಾರೆ. ಎಣ್ಣೆಯ ಮಾತು ದೂರವೇ ಉಳಿಯಿತು. ಅಭ್ಯಂಗ, ಬಸ್ತಿ, ಪಥ್ಯಾಹಾರಗಳಿಗೆ ಕಾಲ ಮುಂದೆ ಬರುತ್ತದೆ, ಗಾಯ ಮಾಗಿ ಕೈಕಾಲಿನ ಬಲ ಮರಳಬೇಕಾದಾಗ, ನರರೋಗ ತಜ್ಞರ ಒಪ್ಪಿಗೆಯೊಡನೆ.

ತಲೆಯೊಳಗಿನ ಒತ್ತಡವನ್ನು ಅಳೆಯುವ ಸಾಧನ ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವುದಿಲ್ಲ. ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ 1960ರಲ್ಲಿ ಮಿದುಳಿನ ಕುಹರಕ್ಕೆ ನಳಿಕೆಯಿಟ್ಟು ಒತ್ತಡವನ್ನು ನಿರಂತರ ದಾಖಲಿಸಿದ ಅಧ್ಯಯನವನ್ನು ಪ್ರಕಟಿಸಿದ ಮೇಲೆ ಈ ವಿದ್ಯೆ ಹರಡಿತು. ನಮ್ಮ ಜಿಲ್ಲೆಗಳಲ್ಲಿ ಅದಿಲ್ಲದ ಕಡೆಯೇ ಹೆಚ್ಚು. ಇದರಿಂದ ಧೈರ್ಯಗೆಡಬೇಡಿರಿ. ದಕ್ಷಿಣ ಅಮೆರಿಕದ ಬೊಲಿವಿಯಾ, ಈಕ್ವೆಡಾರ್ ದೇಶಗಳಲ್ಲಿ 324 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಾಧನದ ಅಂಕಿ ನೋಡಿಯೂ ಇನ್ನೊಂದಕ್ಕೆ ಕಣ್ಣಿನ ಪಾಪೆ, ಪ್ರಜ್ಞೆಯ ಮಟ್ಟ, ಸಿ.ಟಿ. ಸ್ಕ್ಯಾನ್ ನೋಡಿಯೂ ಚಿಕಿತ್ಸೆ ಮಾಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಎರಡೂ ಗುಂಪಿನವರಿಗೆ ಎಚ್ಚರದ ಶುಶ್ರೂಷೆ ದೊರೆತಿತ್ತು. ಸಾಧನವಿಲ್ಲದ ಕಡೆ ಶುಶ್ರೂಷಕಿಯ ಕಣ್ಣೇ ಸಾಧನ: ಒಂದು ಪಾಪೆ ದೊಡ್ಡದಾಯಿತೇ, ನಾಡಿ ನಿಧಾನವಾಯಿತೇ, ಉಸಿರಿನ ಲಯ ಕೆಟ್ಟಿತೇ ಎಂದು ಆಕೆ ಪದೇ ಪದೇ ನೋಡುತ್ತಾಳೆ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಕಣ್ಣು ಬಿಡಿಸಿದಳೆಂದು ಆಕೆಯ ಮೇಲೆ ಮುನಿಯಬೇಡಿರಿ.

ಇವೆಲ್ಲ ಆಸ್ಪತ್ರೆ ಸೇರಿದ ಮೇಲಿನ ಮಾತು. ರಸ್ತೆಯಲ್ಲಿ ಬಿದ್ದವರ ಉಸಿರನ್ನು ಕಾಯುವುದು ಅದಕ್ಕೂ ಮೊದಲಿನದು, ಮತ್ತು ಅಲ್ಲಿರುವವರು ನಾವು ನೀವೇ. ಮೊದಲ ಪೆಟ್ಟಿನಿಂದ ಆದ ಹಾನಿಯನ್ನು ಯಾರೂ ಹಿಂತಿರುಗಿಸಲಾರರು. ಆಮ್ಲಜನಕವಿಲ್ಲದೆ, ರಕ್ತದೊತ್ತಡವಿಲ್ಲದೆ ಆಗುವ ಎರಡನೆಯ ಹಾನಿಯನ್ನು ತಡೆಯಬಹುದು. 108ಕ್ಕೆ ಕರೆಮಾಡಿರಿ. ಬಾಯಿಯಲ್ಲಿ ಕಾಣುವ ರಕ್ತ, ವಾಂತಿ, ಮುರಿದ ಹಲ್ಲನ್ನು ತೆಗೆಯಿರಿ. ವಾಂತಿಯಾಗುತ್ತಿದ್ದರೆ ಇಬ್ಬರು ಮೂವರು ಸೇರಿ ತಲೆ, ಕತ್ತು, ಮೈ ಒಂದೇ ಮರದ ದಿಮ್ಮಿಯಂತೆ ಪಕ್ಕಕ್ಕೆ ಹೊರಳಿಸಿರಿ. ನೀರು ಕುಡಿಸಬೇಡಿರಿ, ಎಬ್ಬಿಸಿ ಕೂರಿಸಬೇಡಿರಿ, ಆಟೋದಲ್ಲಿ ಮಡಚಿ ಹಾಕಬೇಡಿರಿ. ಪೊಲೀಸರ ಕಿರುಕುಳದ ಭಯದಿಂದ ಹಿಂದೆ ಸರಿಯುವವರುಂಟು. ಸದ್ಭಾವನೆಯಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮು ರಕ್ಷಣೆ ನೀಡಿದೆ.

ಆ ಹುಡುಗನ ಕಥೆಗೆ ಮರಳೋಣ. ಅಂದು ಸಂಜೆ ನಾವು ತಾಯಿಯನ್ನು ಹುಡುಕಿ, ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಕುಳ್ಳಿರಿಸಿ, ಅಂಕಿ ಏರಿದ್ದನ್ನಷ್ಟೇ ನೋಡಿ ಬಂದಿರಿ, ಇಳಿದದ್ದನ್ನೂ ನೋಡಬನ್ನಿರಿ ಎಂದು ಕರೆದೊಯ್ದೆವು. ವೈದ್ಯರ ಅನುಮತಿಯಿಂದ ಮುಂದಿನ ಸಲ ಕಫ ಹೀರುವಾಗ ಆಕೆ ನಮ್ಮೊಡನೆ ನಿಂತರು. ಏರಿತು. ಆಕೆ ನಮ್ಮ ತೋಳನ್ನು ಬಿಗಿಯಾಗಿ ಹಿಡಿದರು. 27, 24, 19, 15. “ಇಳೀತು” ಎಂದರು. ಮರುದಿನದಿಂದ ಮನೆಗೆ ಕರೆದೊಯ್ಯುವ ಮಾತನ್ನು ಆ ಕುಟುಂಬ ಎತ್ತಲಿಲ್ಲ.

ಹತ್ತನೆಯ ದಿನ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆಯನ್ನು ಅಲ್ಲಿಗೆ ಬದಲಿಸಬೇಕೆಂದಾಗ ಮತ್ತೆ ಗಾಬರಿಯಾಯಿತು. ಆ ರಂಧ್ರ ಶಾಶ್ವತವಲ್ಲ, ಬಾಯಿಯ ಕೊಳವೆಗಿಂತ ದಾರಿ ಹತ್ತಿರವಾದ್ದರಿಂದ ಕಫ ತೆಗೆಯುವುದು ಸುಲಭ, ಮಂಪರಿನ ಔಷಧವೂ ಕಡಿಮೆ ಸಾಕು, ಕೊಳವೆ ತೆಗೆದ ಮೇಲೆ ಬಹುತೇಕರಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂದು ಫೋನಿನಲ್ಲಿ ಹೇಳಿದೆವು. ತಂದೆ ಸಹಿ ಮಾಡಿದರು.

ಈ ಸಲದ ಯುಗಾದಿಗೆ ಮೂವರೂ ನಮ್ಮಲ್ಲಿಗೆ ಬಂದಿದ್ದರು. ಹುಡುಗನ ಕತ್ತಿನಲ್ಲಿ ಬೆರಳ ಉಗುರಿನಷ್ಟು ಗಾಯದ ಗುರುತು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾನೆ, ಮಾತು ನಿಧಾನ, ನಿನ್ನೆ ಉಂಡದ್ದು ಇಂದು ನೆನಪಿರುವುದಿಲ್ಲ; ಸಿಟ್ಟು ಬೇಗ ಬರುತ್ತದೆಯೆಂದು ತಂದೆ ತಗ್ಗಿದ ದನಿಯಲ್ಲಿ ಹೇಳಿದರು. ನರರೋಗ ತಜ್ಞರ ಸಲಹೆಯಂತೆ ವ್ಯಾಯಾಮ ನಡೆದಿದೆ, ನಾವು ಕಾಲಿಗೆ ಅಭ್ಯಂಗವನ್ನು ಆರಂಭಿಸಿದ್ದೇವೆ. ಆಸ್ಪತ್ರೆಯ ದಿನಗಳು ಅವನಿಗೆ ಒಂದೂ ನೆನಪಿಲ್ಲ. ಪರೀಕ್ಷೆಗೆಂದು ಮೇಜಿನ ಮೇಲೆ ಮಲಗಿಸಿದಾಗ ಅವನ ತಾಯಿ ಯಾರೂ ಹೇಳದೆಯೇ ಮುಂದೆ ಬಂದು ದಿಂಬನ್ನು ತೆಗೆದು, ಎರಡೂ ಕೈಗಳಿಂದ ಅವನ ಮುಖವನ್ನು ಹಿಡಿದು ನೇರ ಮಾಡಿದರು. “ಈಗ ಅದು ಬ್ಯಾಡವಾ, ಬಿಡು” ಎಂದು ಮಗ ಗೊಣಗಿದ.